ಆರು ಹೆಜ್ಜೆ ನೋಡಿ ಬರೆದ ‘ಸಹಜ’

ಆಸ್ಪತ್ರೆಯ ಸಲಕರಣೆ ಮಂಜೂರು ಮಾಡುವ ಮಾನ್ಯರೇ,

ಪಾದ ಎತ್ತಿ ಹಿಡಿಯುವ ಪಟ್ಟಿ ನನ್ನ ಹೆಂಡತಿಗೆ ಬೇಕಿಲ್ಲವೆಂದು ತಾವು ಅಪ್ಪಣೆ ಕೊಟ್ಟಿರಿ. ಅದಾದ ಹದಿನೇಳನೆಯ ದಿನ ಅವಳು ತನ್ನ ಶಾಲೆಯ ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ತಮ್ಮ ಕಚೇರಿಯಲ್ಲಿ ಇವೆರಡೂ ಬೇರೆ ಬೇರೆ ಕಡತಗಳಲ್ಲಿರುತ್ತವೆ. ದಯವಿಟ್ಟು ಒಮ್ಮೆ ಒಟ್ಟಿಗೆ ಓದಿಕೊಳ್ಳಿ.

ಪಾರ್ಶ್ವವಾಯು ಹೊಡೆದ ಮೇಲೆ, ದಣಿದರೆ ಅವಳ ಎಡಪಾದ ಮೇಲೇಳುವುದಿಲ್ಲ. ಆದರೆ ಇಪ್ಪತ್ತು ವರ್ಷ ಮಕ್ಕಳಿಗೆ ಕವಾಯತು ಕಲಿಸಿದವಳು. ಯಾರಾದರೂ ಕುರ್ಚಿಯಲ್ಲಿ ಕೂತು ನೋಡಿದರೆ ಸಾಕು, ಬೆನ್ನು ನೆಟ್ಟಗಾಗುತ್ತದೆ. ತಮ್ಮ ಸಮಿತಿ ಅವಳನ್ನು ಮೇಜಿನಿಂದ ಬಾಗಿಲವರೆಗೆ ಆರು ಹೆಜ್ಜೆ ನಡೆಸಿತು. ‘ನಡಿಗೆ ಸಹಜ’ ಎಂದು ಷರಾ ಬರೆದಿರಿ. ಉಸಿರು ಬಿಗಿಹಿಡಿದು ಆರು ಹೆಜ್ಜೆ ಯಾರು ತಾನೇ ನಡೆಯುವುದಿಲ್ಲ? ಅವಳ ಬದುಕು ತಮ್ಮ ಬಾಗಿಲಿಗೇ ಮುಗಿಯುತ್ತದೆಯೇ?

ಅಲ್ಲಿಯ ಫಿಸಿಯೋಥೆರಪಿ ಮೇಡಂಗೆ ಮಾತ್ರ ಅನುಮಾನ. ಅವರು ಇವಳ ಸೊಂಟ, ಮಂಡಿ, ಪಾದದ ಗಂಟಿಗೆ ಬಣ್ಣದ ಟೇಪು ಅಂಟಿಸಿ, ಸ್ವಂತ ಮೊಬೈಲನ್ನು ಔಷಧಿ ತಳ್ಳುವ ಗಾಡಿಗೆ ಕಟ್ಟಿ, ಕಾರಿಡಾರಿನುದ್ದಕ್ಕೂ ಪಕ್ಕದಲ್ಲೇ ತಳ್ಳುತ್ತ ವಿಡಿಯೊ ಮಾಡಿದರು. ಪುಕ್ಕಟೆ ಸಿಗುವ ಆ್ಯಪ್‌ನಲ್ಲಿ ಕೀಲುಗಳ ಕೋನ ಅಳೆದರು. “ಬೀಳೋ ಹಾಗಾದ್ರೆ ಮಾತ್ರ ಹಿಡ್ಕೊಳ್ಳಿ,” ಎಂದು ನನ್ನನ್ನು ಹಿಂದೆ ನಿಲ್ಲಿಸಿದ್ದರು. ಇಪ್ಪತ್ತೆಂಟನೆಯ ಹೆಜ್ಜೆಗೆ ಎಡಗಾಲಿನ ಬೆರಳು ನೆಲ ಸವರಿತು; ಆಮೇಲೆ ಪ್ರತಿ ಹೆಜ್ಜೆಗೂ. ಕೈ ಚಾಚಲಾಗದೆ ಹಿಂದೆ ನಡೆದ ನನಗೆ ಅಳು ಬಂತು.

ವಿಡಿಯೊ ತಂದರೆ ತಾವು ನಕ್ಕಿರಿ. “ಮೊಬೈಲು ಆಟದ ಸಾಮಾನು ಕಣ್ರೀ, ಲ್ಯಾಬ್ ರಿಪೋರ್ಟ್ ತನ್ನಿ,” ಎಂದಿರಿ. ಯಾವ ಲ್ಯಾಬು? ನಡೆಸಬಲ್ಲವರಿಲ್ಲವೆಂದು ಬೀಗ ಜಡಿದ, ನಡಿಗೆ ಅಳೆಯುವ ಎಂಟು ಕ್ಯಾಮೆರಾಗಳು ಹಳೆಯ ಬೆಡ್‌ಶೀಟ್ ಹೊದ್ದು ಮಲಗಿರುವ ತಮ್ಮದೇ ಆಸ್ಪತ್ರೆಯ ಆ ಕೋಣೆಯೇ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೊಬೈಲಿನ ಅಳತೆ ಮೂರು ನಾಲ್ಕು ಡಿಗ್ರಿ ಆಚೀಚೆ ಆಗಬಹುದೆಂದು ಮೇಡಂ ಸ್ವತಃ ಬರೆದುಕೊಟ್ಟಿದ್ದರು. ತಮ್ಮ ‘ಸಹಜ’ ಎಷ್ಟು ಡಿಗ್ರಿ ತಪ್ಪಿತ್ತು, ಅದನ್ನು ಯಾರು ಬರೆದುಕೊಡುತ್ತಾರೆ?

ವಿಡಿಯೊ ಒಂದೇ ನಿಮಿಷದ್ದು. ತಮ್ಮ ಚಹಾ ಆರುವುದರೊಳಗೆ ಮುಗಿಯುತ್ತದೆ. ಅದನ್ನು ನೋಡಿ, ಈ ವಾರವೇ ಪಟ್ಟಿ ಮಂಜೂರು ಮಾಡಿ. ಆಮೇಲೆ ಮನೆಗೆ ಬಂದು ಅವಳಿಗೊಂದು ಉತ್ತರ ಕೊಡಿ. ಬಿದ್ದ ದಿನದಿಂದ ಅವಳು ನನ್ನನ್ನು ಒಂದೇ ಮಾತು ಕೇಳುತ್ತಿದ್ದಾಳೆ: “ಅವತ್ತು ಅವರ ಮುಂದೆ ನಾನು ಸ್ವಲ್ಪ ಕುಂಟಬೇಕಿತ್ತು, ಅಲ್ವಾ?”

ಇಂತಿ,
ಅಡುಗೆಮನೆಗೂ ಈಗ ಅವಳ ಕೈ ಹಿಡಿದೇ ನಡೆಸುತ್ತಿರುವ
ಗಂಡ