ಹಾಡದೆ ಬಿಟ್ಟ ಒಂದು ನಿಮಿಷ

ಪ್ಯಾರಿಸ್,
೧೪ ನವೆಂಬರ್ ೧೯೭೨

ಪ್ರೀತಿಯ ಅಮ್ಮನಿಗೆ,

ಮಂಡಿನೋವು ಹೇಗಿದೆ? ಎರಡು ತಿಂಗಳಿಂದ ಒಂದು ಸಾಲೂ ಬರೆಯಲಿಲ್ಲ, ಬೈದುಕೋ. ನೀನು ಕಳಿಸಿದ ಬೆಣ್ಣೆ ಕೇಕು ಬಂತು. ವಾದ್ಯದವರೆಲ್ಲ ಒಂದೊಂದು ಚೂರು ಕಿತ್ತುಕೊಂಡು, ನನಗೆ ಸುತ್ತಿದ ಕಾಗದ ನೆಕ್ಕುವುದಷ್ಟೇ ಉಳಿಯಿತು.

ನನ್ನ ಹಾಡುಗಳ ರೆಕಾರ್ಡು ಮುಗಿಯಿತಮ್ಮ. ಮೂವತ್ತೆರಡು ಪಿಟೀಲು, ಒಂದು ಹಾರ್ಪ್, ಜೊತೆಗೆ ನಮ್ಮೂರಿನವರು ಕಾಲಿಗೆ ಹಾಕುವ ಮರದ ಜೋಡು. ನಗಬೇಡ. ಬೆಳಗಿನ ಮಂಜಿನಲ್ಲಿ ನೀವೆಲ್ಲ ಮೀನಿನ ಕಾರ್ಖಾನೆಗೆ ಇಳಿದು ಹೋಗುತ್ತಿದ್ದ ಸದ್ದು ನನಗೆ ಬೇಕಿತ್ತು. ಪಿಟೀಲಿನವರ ಕಾಲಿಗೇ ಜೋಡು ತೊಡಿಸಿದೆ. ಬೆರ್ತೆಲೋ ಎಂಬ ಅಜ್ಜ ಮುಖ ಗಂಟಿಕ್ಕಿಕೊಂಡು, "ನಲವತ್ತು ವರ್ಷ ಪಿಟೀಲು ಬಾರಿಸಿದ್ದು ಕೊನೆಗೆ ಕಾಲು ಬಡಿಯೋಕೇನಮ್ಮಾ?" ಅಂದರು.

"ನಮ್ಮಮ್ಮ ಇದನ್ನ ಹಾಕ್ಕೊಂಡೇ ದಿನಕ್ಕೆ ಹತ್ತು ಗಂಟೆ ಮೀನಿನ ತಲೆ ಕೊಯ್ತಾ ಹಾಡ್ತಿದ್ಲು. ನಿಮಗೆ ಮೂರು ನಿಮಿಷ ಆಗಲ್ವಾ?" ಅಂದೆ. ತೆಪ್ಪಗೆ ಬಡಿದರು.

ಆಮೇಲೆ ಪಿಟೀಲುಗಳು ಮೆಲ್ಲಗೆ ಎದ್ದವು. ಕಣ್ಣು ಮುಚ್ಚಿದರೆ ಕೋಣೆಯೇ ನೀರಿನ ಮೇಲೆ ತೇಲುತ್ತಿತ್ತು. ನೀನು ಕಾರ್ಖಾನೆಯ ಮೇಜಿನ ಮುಂದೆ, ಕೈಯೆಲ್ಲ ಉಪ್ಪು, ಉಳಿದವರಿಗೆ ಹಾಡು ಎತ್ತಿಕೊಡುತ್ತಿದ್ದೆ. ಆಚೆ ಅಪ್ಪನ ದೋಣಿ ಮಂಜಿನಲ್ಲಿ ಅರ್ಧ ಕಾಣುತ್ತಿತ್ತು, ಅರ್ಧ ಇಲ್ಲ.

ಕೊನೆಯ ಹಾಡು ಅಪ್ಪನದು. ನಾನು ಊರು ಸೇರುವಷ್ಟರಲ್ಲಿ ಅವನು ಹೋಗಿಬಿಟ್ಟಿದ್ದನಲ್ಲ, ಆ ಬೆಳಗಿನದು. ನಡುವೆ ಒಂದು ನಿಮಿಷ ಬರೀ ವಾದ್ಯ, ನಾನು ಹಾಡುವುದಿಲ್ಲ. ಆ ಜಾಗಕ್ಕೂ ಮಾತು ಬರೆದಿದ್ದೆ. ಆರು ಸಲ ಯತ್ನಿಸಿದೆ, ಗಂಟಲಿಂದ ಸ್ವರವೇ ಏಳಲಿಲ್ಲ. ವಾದ್ಯವೃಂದ ನಡೆಸುವ ಗಾಸ್ಪಾರ್, "ಬಿಡೇ, ಖಾಲಿನೇ ಇರ್ಲಿ. ಎಂಥಾ ಧೈರ್ಯ ಅಂತ ಪೇಪರಿನವರು ಹೊಗಳ್ತಾರೆ ನೋಡು" ಅಂದ. ಧೈರ್ಯವಂತೆ, ಸುಡುಗಾಡು.

ಈ ಕಾಗದದ ಜೊತೆ ರೆಕಾರ್ಡು ಇಟ್ಟಿದ್ದೇನೆ. ಪಕ್ಕದ ಮನೆಯ ಸೊಯಿಜಿಕಳ ಹತ್ತಿರ ಹಾಕಿಸಿಕೊಂಡು ಕೇಳು. ಅಪ್ಪ ಹೋದ ಮೇಲೆ ನೀನು ಅಡುಗೆಮನೆಯಲ್ಲೂ ಹಾಡುವುದಿಲ್ಲವಂತೆ, ಅವಳು ಬರೆದಿದ್ದಳು. ನನಗೆ ತುಂಬಾ ಸಂಕಟವಾಯಿತು. ಚಳಿ ಬಂತು, ಉಣ್ಣೆ ಕಾಲುಚೀಲ ಹಾಕಿಕೋ. ಕಡಲವರನ್ನು ಕಾಯುವ ಮೇರಿಮಾತೆ ನಿನ್ನನ್ನೂ ಕಾಯಲಿ.

ನಿನ್ನ ಮಗಳು,
ಮರಿವೋನ್

ತಾ.ಕ.: ಲಿಯೋನ್‌ನಲ್ಲಿ ನಿನ್ನ ತಂತಿ ಕೈಸೇರುವಾಗ ನನ್ನ ಹಾಡಿನ ಕಛೇರಿ ಮುಗಿದಿತ್ತು ಅಂತ ಹೇಳಿದ್ದೆನಲ್ಲ, ಅದು ಸುಳ್ಳಮ್ಮ. ವೇದಿಕೆ ಹತ್ತುವ ಮೊದಲೇ ಬಂದಿತ್ತು. 'ಅಪ್ಪ ನಿನ್ನನ್ನೇ ಕೇಳುತ್ತಿದ್ದಾರೆ, ಹೊರಟು ಬಾ.' ಓದಿ, ಮಡಿಚಿ, ಎದೆಯ ಹತ್ತಿರ ಸಿಕ್ಕಿಸಿಕೊಂಡು ಹಾಡಿದೆ. ಅಷ್ಟರಲ್ಲಿ ಊರಿಗೆ ಬರುವ ರೈಲು ಹೊರಟುಹೋಯಿತು. ಅಂದು ಚೆನ್ನಾಗಿಯೇ ಹಾಡಿದೆ, ಜನ ಮೂರು ಸಲ ಮತ್ತೆ ಕರೆದರು. ರೆಕಾರ್ಡಿನಲ್ಲಿ ಆ ಜಾಗ ಬಂದಾಗ ಹಾಡಬೇಕೆನಿಸಿದರೆ ಹಾಡು, ಬೈಯಬೇಕೆನಿಸಿದರೆ ಬೈ. ಆ ಒಂದು ನಿಮಿಷ ನಾನು ಬಾಯಿ ತೆರೆಯುವುದಿಲ್ಲ.