ಅಪ್ಪನ ಕಾರಿಗೆ ಹಗುರವಾದ ಕ್ಲಚ್ಚು

ಡ್ಯಾಂಡಿನಾಂಗ್, ಮೆಲ್ಬರ್ನ್
೧೨ ಆಗಸ್ಟ್ ೨೦೦೬

ಮಗು ದರ್ಶನ್,

ಸಿಡ್ನಿಯಲ್ಲಿ ಇಬ್ಬರೂ ಕ್ಷೇಮವೆಂದು ನಂಬಿದ್ದೇನೆ. ಫೋನಿನಲ್ಲಿ ಹೇಳಿದರೆ ನಿಮ್ಮಪ್ಪನ ಕಿವಿಗೆ ಬೀಳುತ್ತದೆ, ಅದಕ್ಕೇ ಈ ಕಾಗದ. ಓದಲು ತಿಣುಕುವಂತಾದರೆ ಸಂಯುಕ್ತಾ ಕೈಲಿ ಓದಿಸಿಕೋ. ನಿನ್ನ ಹೆಂಡತಿಗಾದರೂ ಕನ್ನಡ ಅಕ್ಷರ ಬರುತ್ತದೆ.

ನಿಮ್ಮಪ್ಪನ ಹಳೇ ಫಾಲ್ಕನ್ ಕಾರಿಗೆ ರೇಸಿನವರ ಬಿಗಿ ಕ್ಲಚ್ಚು, ಐದು ಗೇರು ಹಾಕಲು ಗ್ಯಾರೇಜಿನವರಿಗೆ ಹೇಳಿದ್ದೀಯಂತೆ. ಬೇಡ. ಮೊನ್ನೆ ಅವನು ಶೆಡ್ಡಿನಲ್ಲಿ ಕಾರಿನೊಳಗೆ ಕೂತು, ಎಡಗಾಲನ್ನು ಎರಡೂ ಕೈಯಲ್ಲಿ ಎತ್ತಿ ಕ್ಲಚ್ ಪೆಡಲ್ ಮೇಲೆ ಇಡುತ್ತಿದ್ದ. ನನ್ನನ್ನು ಕಂಡು, “ಪೆಡಲ್ ಬಿಗಿ ಆಗ್ಬುಟ್ಟದೆ ಕಣವ್ವ, ತುಕ್ಕು ಹಿಡ್ದದೆ” ಅಂದ. ಅವನು ಒಳಗೆ ಹೋದ ಮೇಲೆ ನಾನು ಹತ್ತಿ ಕೂತು ಒತ್ತಿ ನೋಡಿದೆ. ಈ ಮುದುಕಿಯ ಕಾಲಿಗೇ ಸಲೀಸಾಗಿ ಇಳಿಯಿತು.

ಆ ಕಾಲಿಗೆ ಇನ್ನು ಶಕ್ತಿ ಬರುವುದಿಲ್ಲ, ಇರುವುದೂ ಹೋಗುತ್ತದೆ ಅಂದಿದ್ದಾರೆ ಡಾಕ್ಟರು. ನಿನಗೆ ಹೇಳಕೂಡದೆಂದು ನಿಮ್ಮಮ್ಮನಿಂದ ಆಣೆ ಮಾಡಿಸಿಕೊಂಡಿದ್ದಾನೆ. ನಾನು ಆಣೆ ಮಾಡಿಲ್ಲ.

ಹಾಗಂತ ಕ್ಲಚ್ಚೇ ಇಲ್ಲದ ಆಟೋಮ್ಯಾಟಿಕ್ ಗೇರು ಹಾಕಿಸಬೇಡ. ಎಡಗಾಲಿಗೆ ಕೆಲಸ ತಪ್ಪಿಸಿದರೆ, ನಮಗೆಲ್ಲ ಗೊತ್ತಾಗಿದೆ ಅಂತ ಅವನಿಗೆ ತಿಳಿದುಹೋಗುತ್ತದೆ. ಅವನ ಕೈಗೆ ಪಳಗಿದ ನಾಲ್ಕು ಗೇರೇ ಇರಲಿ, ಇರುವುದರಲ್ಲಿ ಹಗುರವಾದ ಕ್ಲಚ್ಚು ಆರಿಸು. ಅವನು ಕೇಳಿದರೆ, ಬಿಗಿಯದು ಅಂಗಡಿಯಲ್ಲಿ ಸಿಗಲಿಲ್ಲ ಅನ್ನು. ಸುಳ್ಳು ಹೇಳುವುದನ್ನು ನಿನಗೆ ನಾನು ಕಲಿಸಬೇಕಾಗಿಲ್ಲ.

ಬೇಗ ಬಾ. ಖಾಲಿ ರಸ್ತೆಯಲ್ಲಿ ಒಂದು ಸುತ್ತು ಅವನೇ ಓಡಿಸಲಿ, ನೀನು ಪಕ್ಕದಲ್ಲಿ ಕೂತಿರು. ಕಾಲಿನ ಕಡೆ ನೋಡಬೇಡ. ಅವನು ಕಾರು ನಿಲ್ಲಿಸಿ ಕೀ ನಿನ್ನ ಕೈಗೆ ಕೊಟ್ಟರೆ, ಯಾಕಪ್ಪಾ ಅಂತ ಕೇಳದೆ ತೆಗೆದುಕೋ.

ನಿನ್ನ ಅಜ್ಜಿ,
ಕೆಂಪಾಜಮ್ಮ