ನಲವತ್ತು ದಾಟಿದರೆ ಗುಂಯ್

ಮಾರ್ಚ್ 4, ಸಂಜೆ

ಬೆಳಿಗ್ಗೆ ಎರಡು ಕ್ಲಾಸ್, ಮಧ್ಯಾಹ್ನ ಒಂದು. ಮೂರೂ ಕೆಂಪು ಕಾರಿನಲ್ಲೇ. ನಲವತ್ತು ದಾಟಿದರೆ ಗುಂಯ್ ಅನ್ನುತ್ತದೆ, ಇವತ್ತೂ. ಅರವತ್ತಕ್ಕೆ ಹೋದರೆ ಕಿವಿಯೊಳಗೆ ದುಂಬಿ ಹೊಕ್ಕ ಹಾಗೆ. ನರ್ಸಮ್ಮ ಆಸ್ಪತ್ರೆಯ ಯೂನಿಫಾರ್ಮಿನಲ್ಲೇ ಕಲಿಯಲು ಬರುತ್ತಾಳೆ. ಪಾಪ, ಹೆದರಿಬಿಟ್ಟಳು. “ಮೇಡಂ, ನಾನೇನಾದ್ರೂ ತಪ್ಪು ಗೇರ್ ಹಾಕಿದ್ನಾ?”

ಡ್ರೈವಿಂಗ್ ಸ್ಕೂಲಿನ ಮಾಲೀಕನಿಗೆ ಹೇಳಿದೆ. ಬೆನ್ನ ಹಿಂದೆ ಎಲ್ಲರೂ ಅವನನ್ನು ಬೆಣ್ಣೆ ಅನ್ನುತ್ತೇವೆ, ಮಾತು ಹಾಗೆ. “ಟೈರ್ ಸದ್ದು ಮೇಡಂ. ರೋಡ್ ಸರಿಯಿಲ್ಲ, ಕಾರೇನು ಮಾಡುತ್ತೆ?” ಹೇಳುತ್ತ ಹೇಳುತ್ತ ಕಾರಿನ ಕೀಲಿಯಿಂದ ಕಿವಿ ಕೆರೆದುಕೊಂಡ. ಅದೇ ಕೀಲಿಯನ್ನು ನನ್ನ ಕೈಗಿಟ್ಟ. ಥೂ. ನಲ್ಲಿ ಕೆಳಗೆ ಕೈಯನ್ನೂ ತೊಳೆದೆ, ಕೀಲಿಯನ್ನೂ ತೊಳೆದೆ.

ಮಾರ್ಚ್ 7

ಕ್ಲಾಸ್ ಮುಗಿಸಿ ಒಬ್ಬಳೇ ಬೈಪಾಸ್ ಕಡೆ ಹೋದೆ. ಖಾಲಿ ರಸ್ತೆ. ಅರವತ್ತಕ್ಕೆ ಏರಿಸಿ ನ್ಯೂಟ್ರಲ್‌ಗೆ ಹಾಕಿದೆ. ಇಂಜಿನ್ ಸದ್ದು ಇಳಿಯಿತು, ಗುಂಯ್ ಇಳಿಯಲಿಲ್ಲ. ಅಂದರೆ ಇಂಜಿನ್ ಅಲ್ಲ. ಚಕ್ರದ ಕಡೆಯದು.

ಸ್ಟಿಯರಿಂಗ್ ಸ್ವಲ್ಪ ಎಡಕ್ಕೆ ಎಳೆದೆ — ಜೋರಾಯಿತು. ಬಲಕ್ಕೆ — ಕಮ್ಮಿ. ಎಡಕ್ಕೆ ಹೊರಳಿದಾಗ ಕಾರಿನ ಭಾರವೆಲ್ಲ ಬಲಗಡೆಗೆ ಬೀಳುತ್ತದೆ. ನಡುಕವೂ ಪೆಡಲ್ ಹತ್ತಿರ, ಪಾದದಡಿಗೇ ಬರುತ್ತದೆ. ಮುಂದಿನ ಬಲ ಚಕ್ರ. ಬೇರಿಂಗ್ ಇರಬೇಕು. ಕಲಿಯುವವರು ಕೂರುವ ಕಡೆಯೇ.

ಅತ್ತೆಗೆ ಹೇಳಿದೆ. “ಬೇರಿಂಗ್ ಹೋದ್ರೆ ಏನಾಗುತ್ತಮ್ಮಾ?”

“ಚಕ್ರ ಅಲ್ಲಾಡುತ್ತೆ. ಪೂರ್ತಿ ಹೋದ್ರೆ ಓಡ್ತಾ ಇರೋವಾಗಲೇ ಕಳಚ್ಕೋಬಹುದು.”

ಈರುಳ್ಳಿ ಹೆಚ್ಚುತ್ತಿದ್ದವರು ಕತ್ತಿ ಕೆಳಗಿಟ್ಟರು. “ನೀನು ಆ ಕಾರ್ ಹತ್ತಬೇಡ.”

ಹತ್ತದಿದ್ದರೆ ಇನ್ನೊಬ್ಬರನ್ನು ಹತ್ತಿಸುತ್ತಾನೆ.

ಮಾರ್ಚ್ 10

ಬೆಣ್ಣೆ ದೊಡ್ಡ ಉಪಕಾರ ಮಾಡಿದ. ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ. ಓಡಿಸಿ ನೋಡಿದೆ. ಅದೇ ಸದ್ದು, ಅದೇ ಜಾಗದಿಂದ. ಟೈರಿನದಾಗಿದ್ದರೆ ಟೈರಿನ ಜೊತೆ ಹಿಂದಕ್ಕೆ ಹೋಗಬೇಕಿತ್ತು. ಬಿಡಿಸಿ ಹೇಳಿದೆ. ಬೇರಿಂಗ್ ಬದಲಾಯಿಸಲೇಬೇಕು ಅಂದೆ.

“ನಿಮ್ ಕಿವಿ ತುಂಬಾ ಸೂಕ್ಷ್ಮ ಮೇಡಂ. ಹಾಡು ಕಲೀಬೇಕಿತ್ತು ನೀವು.”

ನಕ್ಕ. ಹಲ್ಲಿನ ಸಂದಿಯಲ್ಲಿ ಮಧ್ಯಾಹ್ನದ ಊಟ.

ಮಾರ್ಚ್ 11

ಕಾರಿನ ಬಾಗಿಲು ತೆಗೆದರೆ ಗುಲಾಬಿ ಸೆಂಟಿನ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಹೊಸ ರೇಡಿಯೋ.

“ಇನ್ಮೇಲೆ ಸದ್ದು ಕೇಳಲ್ಲ ನೋಡಿ,” ಅಂದ ಬೆಣ್ಣೆ.

ನಾಲ್ಕೂ ಕಿಟಕಿ ಇಳಿಸಿದೆ. ಸೆಂಟಿಗೋ ಮಾತಿಗೋ...

ಮಾರ್ಚ್ 19

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ. ರೇಡಿಯೋ ಹಾಕಿಲ್ಲ. ಯಾರಿಗೂ ನಲವತ್ತು ದಾಟಲು ಬಿಡುತ್ತಿಲ್ಲ. ನರ್ಸಮ್ಮನ ಟೆಸ್ಟ್ ಹತ್ತಿರ ಬಂತು. ಹೈವೇ ಯಾವಾಗ, ಹೈವೇ ಯಾವಾಗ ಅಂತ ಪ್ರಾಣ ತಿನ್ನುತ್ತಾಳೆ.

ಇವತ್ತು ಬೆಣ್ಣೆ ತನ್ನ ಮಗಳನ್ನು ಕರೆತಂದ. ಕಾಲೇಜು ಹುಡುಗಿ, ತೆಳ್ಳಗೆ, ಮಾತು ಕಮ್ಮಿ. “ಇವಳಿಗೆ ನೀವೇ ಕಲಿಸ್ಬೇಕು ಮೇಡಂ. ನಾಳೆಯಿಂದ ಬಿಳಿ ಕಾರ್ ತೊಗೊಳ್ಳಿ.” ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ — “ಮರೆತೂ ಕೆಂಪು ಕಾರ್ ಹತ್ತಿಸ್ಬೇಡಿ. ಬೇರಿಂಗ್ ಹೋಗಿದೆಯಲ್ಲ.”

ಬೇರಿಂಗ್. ಅವನ ಬಾಯಿಂದಲೇ.

“ನರ್ಸಮ್ಮನಿಗೆ ಯಾವ ಕಾರು?” ಕೇಳಿದೆ.

“ಅವರಿಗೆ ಕೆಂಪು ಕಾರೇ ಅಭ್ಯಾಸ ಆಗಿದೆಯಲ್ಲ.”

ಮನೆಗೆ ಬಂದು ಸ್ನಾನ ಮಾಡಿದೆ. ಸಾಲಲಿಲ್ಲ.

ಮಾರ್ಚ್ 20

ಬಿಳಿ ಕಾರು. ಮಗಳ ಕೈ ಚೆನ್ನಾಗಿದೆ, ಕ್ಲಚ್ ಬಿಡುವಾಗ ಜರ್ಕ್ ಇಲ್ಲ. ವಾಪಸ್ ಬರುವಾಗ ಅವಳೇ ಕೇಳಿದಳು, “ಕೆಂಪು ಕಾರ್ ಯಾಕೆ ಬೇಡ ಅಂದ್ರು ಅಪ್ಪ?”

ಮುಚ್ಚಿಡಬೇಕು ಅನ್ನಿಸಲಿಲ್ಲ. ಎಲ್ಲ ಹೇಳಿದೆ. ಗುಂಯ್, ಟೈರು, ರೇಡಿಯೋ, ನರ್ಸಮ್ಮ. ಅವಳು ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ನಾನು ಕಲಿಸಿದ ಹಾಗೆಯೇ ಕಾರು ಬದಿಗೆ ನಿಲ್ಲಿಸಿದಳು. ಅಪ್ಪನಿಗೆ ಫೋನ್ ಮಾಡಿದಳು.

“ಅಪ್ಪಾ, ನಾಳೆಯಿಂದ ನಾನು ಕೆಂಪು ಕಾರಲ್ಲೇ ಕಲೀತೀನಿ... ಇಲ್ಲ, ಅದ್ರಲ್ಲೇ.”

ಮಾರ್ಚ್ 21

ಬೆಳಿಗ್ಗೆ ಸ್ಕೂಲಿನ ಬಾಗಿಲು ತೆಗೆಯುವ ಹೊತ್ತಿಗೆ ಕೆಂಪು ಕಾರು ವರ್ಕ್‌ಶಾಪಿನಲ್ಲಿತ್ತು. ಬೆಣ್ಣೆಯೂ ಅಲ್ಲೇ, ಮಗಳೂ ಅಲ್ಲೇ. ನನ್ನನ್ನೂ ಕರೆಸಿದರು.

ಮೆಕ್ಯಾನಿಕ್ ಜಾಕಿ ಕೊಟ್ಟು ಚಕ್ರ ತಿರುಗಿಸಿದ. ಪಕ್ಕದ ಸ್ಪ್ರಿಂಗ್ ಮೇಲೆ ಕೈ ಇಟ್ಟೆ. ಗರಗರ — ಮರಳು ಅರೆಯುತ್ತಿರುವ ಹಾಗೆ. ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಚಕ್ರ ಸಡಿಲ ಹಲ್ಲಿನಂತೆ ಆಡುತ್ತಿತ್ತು.

“ಇದನ್ನ ಇಟ್ಕೊಂಡು ಕಲಿಯೋರನ್ನ ಕೂರಿಸ್ತಿದ್ರಾ ಸಾರ್?” ಅಂದ ಮೆಕ್ಯಾನಿಕ್.

ಬೆಣ್ಣೆ ನನ್ನ ಕಡೆ ಕೈ ತೋರಿಸಿದ. “ಏನ್ ಮಾಡ್ಲಿ? ಮೇಡಂ ಒಂದು ಮಾತೂ ಹೇಳ್ಲಿಲ್ಲ.”

ಮಗಳು ಅಪ್ಪನ ಮುಖ ನೋಡಲಿಲ್ಲ, ನನ್ನದೂ ನೋಡಲಿಲ್ಲ. ತನ್ನ ಚಪ್ಪಲಿ ನೋಡುತ್ತ ನಿಂತಳು. “ಹೇಳಿದ್ರು ಅಪ್ಪಾ,” ಅಂದಳು. ಅಷ್ಟೇ.

ಮಧ್ಯಾಹ್ನದೊಳಗೆ ಹೊಸ ಬೇರಿಂಗ್ ಬಿತ್ತು. ಬೈಪಾಸಿನಲ್ಲಿ ಅರವತ್ತು, ಎಪ್ಪತ್ತು. ಎಡಕ್ಕೂ ಬಲಕ್ಕೂ ಎಳೆದು ನೋಡಿದೆ. ಗಾಳಿಯ ಸದ್ದು ಬಿಟ್ಟರೆ ಏನಿಲ್ಲ.

ಖುಷಿಯಾಗಬೇಕಿತ್ತು. ಒಂದು ಫೋನಿಗೆ ಆದ ಕೆಲಸ. ನಾವು ಯಾರ ಮಕ್ಕಳೂ ಅಲ್ಲ ಅನ್ನುವ ಹಾಗೆ... ಹೇಸಿಗೆ.

ಏಪ್ರಿಲ್ 2, ಮಧ್ಯಾಹ್ನ

ನರ್ಸಮ್ಮ ಪಾಸ್. ಹೈವೇ ಮೇಲೆ ಸೊಗಸಾಗಿ ಓಡಿಸಿದಳಂತೆ. ಇಳಿದವಳೇ ಬಂದು ತಬ್ಬಿಕೊಂಡಳು, ಮೈಯಲ್ಲಿ ಆಸ್ಪತ್ರೆಯ ಡೆಟಾಲ್ ವಾಸನೆ. ಅವಳಿಗೋಸ್ಕರವೇ ಇಷ್ಟು ದಿನ ತಡೆದಿದ್ದೆ.

ಆಫೀಸಿಗೆ ಹೋದೆ. ಬೆಣ್ಣೆ ಹೊಸಬರಿಗೆ ಹೇಳುತ್ತಿದ್ದ — “ನಮ್ಮಲ್ಲಿ ಮೊದಲು ಸೇಫ್ಟಿ.” ಅವರು ಎದ್ದು ಹೋಗಲಿ ಅಂತ ಕಾಯಲಿಲ್ಲ. ಕೀಲಿ ಮೇಜಿನ ಮೇಲಿಟ್ಟೆ. “ನಾಳೆಯಿಂದ ನಾನು ಬರಲ್ಲ.”

“ಯಾಕೆ ಮೇಡಂ? ಕಾರ್ ಸರಿಯಾಯ್ತಲ್ಲ.”

“ಕಾರ್ ಸರಿಯಾಗಿದೆ,” ಅಂದೆ.

ಹೊರಗೆ ಬಂದರೆ ಮಗಳು. ಕೆಂಪು ಕಾರಿಗೆ ಒರಗಿ ನಿಂತಿದ್ದಳು, ಕ್ಲಾಸಿಗೆ ತಯಾರಾಗಿ. ನನ್ನನ್ನು ಕಂಡು ಮೊದಲ ಸಲ ಬಾಯ್ತುಂಬ ನಕ್ಕಳು. “ಇವತ್ತು ಬೈಪಾಸ್ ಅಲ್ವಾ ಮೇಡಂ?”

ಇವಳದೇನು ತಪ್ಪು? ಇವಳಿಲ್ಲದಿದ್ದರೆ ಆ ಚಕ್ರ... ಅವಳ ಹತ್ತಿರ ಹೋದೆ. ಹೆಗಲ ಮೇಲೆ ಕೈ ಇಟ್ಟು, “ನೋಡು ಮಗಾ,” ಅಂದೆ, “ನಾನು ನಾಳೆಯಿಂದ ಬರಲ್ಲ. ಇವತ್ತಿನ ಬೈಪಾಸ್ ಮುಗಿಸೋಣ, ಒಳಗೆ ಹೋಗಿ ಕೀಲಿ ತೊಗೊಂಡು ಬಾ.”